ನಿದ್ದೆಯ ಜೊತೆ ಚೌಕಾಸಿ ಮಾಡಿದ ವರ್ಷ

ಈ ಸಲ ಮೇ ತಿಂಗಳ ಕೊನೆಯಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ನನಗೆ ಈಗ ಅಲ್ಲಿ ದೊಡ್ಡ ವ್ಯವಹಾರವೇನೂ ಇಲ್ಲ. ಮನೆಗೆ ಎರಡು ಬುಟ್ಟಿ ಬಾದಾಮಿ ಮಾವಿನ ಹಣ್ಣು ತರೋಣವೆಂದು ಹೋದದ್ದು. ಗೇಟಿನ ಹತ್ತಿರವೇ ಪರಿಚಯದ ವ್ಯಾಪಾರಿಯೊಬ್ಬ ಸಿಕ್ಕಿದ. ಮೂವತ್ತೈದು ದಾಟಿದವನು, ಸಂಸಾರವಂದಿಗ, ತಲೆ ಇರುವವನು. ಕಣ್ಣು ಮಾತ್ರ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು.

“ಮೂರ್ ದಿನ ಆಯ್ತು ರತ್ನಕ್ಕ, ರೆಪ್ಪೆ ಮುಚ್ಚಿಲ್ಲ,” ಎಂದ. ಹೇಳಿದ ರೀತಿ ನೋಡಬೇಕಿತ್ತು, ತಾಲ್ಲೂಕಿಗೇ ಮೊದಲು ಬಂದ ಮಗಳ ಮಾರ್ಕ್ಸು ಹೇಳಿದ ಹಾಗೆ.

“ಅದೇನ್ ದೊಡ್ಡ ಸಾಧನೆ ಅಂತ ಹೇಳ್ಕೊಂಡು ತಿರುಗ್ತೀಯೋ? ಕೈಲಿರೋ ತೂಕದ ಚೀಟಿ ತಲೆಕೆಳಗಾಗಿದೆ, ನೋಡ್ಕೋ.”

ಅವನು ಚೀಟಿ ತಿರುಗಿಸಿಕೊಂಡು ನಕ್ಕ. “ಸೀಸನ್ ಅಲ್ವಾ ಅಕ್ಕ. ಜುಲೈನಲ್ಲಿ ಮಲಗಿದ್ರಾಯ್ತು.”

ಜುಲೈನಲ್ಲಂತೆ! ನಿದ್ದೆಯೇನು ಅಟ್ಟದ ಮೇಲೆ ಎತ್ತಿಟ್ಟು ಬೇಕಾದಾಗ ಇಳಿಸಿಕೊಳ್ಳುವ ಸೌದೆಯೇ? ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಂಡಿಯ ಹಿಂದೆ ಯಾರೋ ಒದ್ದೆ ಹುಲ್ಲಿಗೆ ಬೆಂಕಿ ಇಟ್ಟಿದ್ದರು. ಹುಲ್ಲಿನ ಹೊಗೆ, ಅದರೊಳಗೆ ಬೆರೆತ ಮಾಗುತ್ತಿರುವ ಮಾವಿನ ಸಿಹಿ. ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ಮುಚ್ಚಿಹೋಯಿತು. ಬುಟ್ಟಿಯನ್ನೂ ಕೊಳ್ಳದೆ ಬಸ್ಸು ಹತ್ತಿ ಬಂದುಬಿಟ್ಟೆ.

ಬೈರಕೂರಿನ ಆ ವರ್ಷವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಿದರೆ ಜನ ನಗುತ್ತಾರೆ, “ಸೀಸನ್ ಅಲ್ವಾ” ಎನ್ನುತ್ತಾರೆ. ಆ ವರ್ಷ ನಾನು ಬದುಕಿದ್ದ ಮನುಷ್ಯನೊಬ್ಬನನ್ನು ಹೊಗೆ ತುಂಬಿದ ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಬಾಗಿಲು ಹಾಕಿ, ಸಂದಿಗೆಲ್ಲ ಮಣ್ಣು ಮೆತ್ತಿ, ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದೆ. ದ್ವೇಷದಿಂದಲ್ಲ. ಕುಡಿದೂ ಇರಲಿಲ್ಲ. ನಿದ್ದೆಗೆಟ್ಟಿದ್ದೆ, ಅಷ್ಟೆ.

ನನ್ನ ಪರಿಚಯ ಮೊದಲು ಆಗಿಬಿಡಲಿ. ನಾನು ಹುಟ್ಟಿದ್ದು ಮಾಲೂರಿನ ಇಟ್ಟಿಗೆ ಗೂಡಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಇಟ್ಟಿಗೆ ಹೊರುತ್ತಿದ್ದರು. ಮೇಸ್ತ್ರಿ ಲೆಕ್ಕ ತಪ್ಪಿಸಿದಾಗ ಜಗಳಕ್ಕೆ ನಿಲ್ಲುತ್ತಿದ್ದವಳು ಎಂಟು ವರ್ಷದ ನಾನು. ಆಮೇಲೆ ಮಾಲೂರು ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಓಡುವವರಿಗೆ ಉಪ್ಪು ಖಾರ ಸವರಿದ ತೋತಾಪುರಿ ಹೋಳು ಮಾರಿದೆ. ಅಲ್ಲಿಂದ ಬುಟ್ಟಿ, ಬುಟ್ಟಿಯಿಂದ ಗಾಡಿ, ಗಾಡಿಯಿಂದ ತೋಟ. ಮರದಲ್ಲಿ ಹೂವಿರುವಾಗಲೇ ಇಡೀ ತೋಟದ ಫಸಲನ್ನು ಮಾತಾಡಿಕೊಳ್ಳುವಷ್ಟಕ್ಕೆ ಬೆಳೆದೆ. ಯಜಮಾನರು ಮಾಲೂರಿನಲ್ಲಿದ್ದು ಮನೆ, ಮಗಳ ಓದು ನೋಡಿಕೊಂಡರು. ಹೊರಗಿನ ಬಾಯಿ ನನ್ನದು. ಚೌಕಾಸಿ ಎಂದರೆ ನನಗೆ ಉಸಿರಾಟ. ಹೇಳಿದ ಬೆಲೆಯನ್ನು ಒಪ್ಪಿಕೊಂಡು ಬಂದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ಐದಾರು ವರ್ಷದ ಹಿಂದಿನ ಮಾತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ ಒಂದು ಬಾದಾಮಿ ತೋಟ ಹಿಡಿದಿದ್ದೆ. ಪಾಲುದಾರ ಅನ್ವರಣ್ಣ, ಕೋಲಾರದವರು. ಅವರ ತಂದೆಯ ಕಾಲದಿಂದ ಹೊಗೆ ಹಾಕಿ ಬಾಳೆಕಾಯಿ ಹಣ್ಣು ಮಾಡುವ ಕೆಲಸ. ರಾಸಾಯನಿಕ ಪುಡಿ ಹಾಕಿ ಮಾಗಿಸಿದ ಮಾವು ಬೇಡ ಎನ್ನುವ ಬೆಂಗಳೂರಿನ ಗಿರಾಕಿಗಳು ಸಿಕ್ಕಿದ್ದರಿಂದ, ಅದೇ ಹಳೆಯ ಹೊಗೆಯನ್ನು ಮಾವಿಗೂ ಹಾಕೋಣವೆಂದು ಇಬ್ಬರೂ ಸೇರಿಕೊಂಡೆವು. ತೋಟದ ಪಕ್ಕದಲ್ಲೇ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆಯೊಂದು ಖಾಲಿ ಬಿದ್ದಿತ್ತು. ಕಿಟಕಿಗಳಿಗೆ ಗೋಣಿ ತುರುಕಿ ಅದನ್ನೇ ಹಣ್ಣಿನ ಕೋಣೆ ಮಾಡಿದೆವು. ಒಳಗೆ ಹುಲ್ಲು ಹಾಸಿ ಕಾಯಿ ತುಂಬಿದ ಕ್ರೇಟುಗಳನ್ನು ಎತ್ತರಕ್ಕೆ ಜೋಡಿಸುವುದು. ಬಾಗಿಲ ಹತ್ತಿರ ಮಡಕೆಗಳಲ್ಲಿ ಭತ್ತದ ಹೊಟ್ಟಿಗೆ ಕೆಂಡ ಹಾಕಿ, ಮೇಲೆ ಒದ್ದೆ ಹುಲ್ಲು ಮುಚ್ಚಿಡುವುದು. ಬಾಗಿಲು ಹಾಕಿ ಸಂದಿಗೆ ಕೆಮ್ಮಣ್ಣು ಸಗಣಿ ಮೆತ್ತುವುದು. ಒಂದು ಹಗಲು ಒಂದು ರಾತ್ರಿ ತೆಗೆಯುವ ಹಾಗಿಲ್ಲ. ಮಧ್ಯೆ ತೆಗೆದರೆ ಕಾವು ಹೋಗಿ ಅರ್ಧ ಹಣ್ಣು, ಅರ್ಧ ಕಾಯಿ.

ಈ ಕೆಲಸಕ್ಕೆ ಅನ್ವರಣ್ಣನ ತಂದೆ ಇಟ್ಟ ಒಂದು ನೇಮವಿತ್ತು. ಮಣ್ಣು ಮೆತ್ತುವ ಮೊದಲು ಹೊಸಿಲ ಮೇಲೆ ನಿಂತು ಮೂರು ಸಲ “ಒಳಗೆ ಯಾರು?” ಎಂದು ಕೂಗಬೇಕು. ಒಳಗೆ ಬರಿಗಾಲಲ್ಲಿ ಹೋಗುವುದರಿಂದ, ಬಾಗಿಲ ಹೊರಗೆ ಚಪ್ಪಲಿ ಉಳಿದಿದೆಯೇ ಎಂದೂ ನೋಡಬೇಕು. ಆ ಹೊಗೆ ಕಣ್ಣು ಉರಿಸುವ ಹೊಗೆ ಮಾತ್ರವಲ್ಲ, ಮನುಷ್ಯನನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗುತ್ತದೆ ಎಂದು ಅನ್ವರಣ್ಣ ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು.

ಎಲ್ಲರೂ ಎಂದರೆ ನಾಲ್ಕೇ ಜನ. ನಾನು, ಅನ್ವರಣ್ಣ, ಅವರ ಹೆಂಡತಿ ಶಮೀಮ್, ಮತ್ತೆ ಮುನಿರಾಜು. ಕಾಯಿ ಕೀಳುವ ಕೂಲಿಯವರು ಬೆಳಗ್ಗೆ ಬಂದು ಹೋಗುವವರು. ಮುನಿರಾಜು ಹತ್ತು ವರ್ಷದಿಂದ ನನ್ನ ಜೊತೆಗಿದ್ದ ಆಳು. ಆಳು ಎಂದರೆ ತಪ್ಪಾಗುತ್ತದೆ, ತಮ್ಮನ ಹಾಗೆ. ನಲವತ್ತೆರಡರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳ ಅಪ್ಪ. ಕಾಯಿಯ ತೊಟ್ಟಿನ ಹತ್ತಿರ ಹೆಬ್ಬೆರಳಿಟ್ಟರೆ ಸಾಕು, ಇದು ನಾಳೆಗೆ, ಇದು ನಾಡಿದ್ದಿಗೆ ಎಂದು ಹೇಳುತ್ತಿದ್ದ. ತಪ್ಪಿದ್ದೇ ಇಲ್ಲ.

ಶಮೀಮ್ ನಮಗೆಲ್ಲ ಅಡುಗೆ ಮಾಡುತ್ತಿದ್ದಳು. ಸಕ್ಕರೆ ಕಾಯಿಲೆಯವಳು, ರಾತ್ರಿ ಒಂಬತ್ತೂವರೆಗೆ ಹಾಸಿಗೆ ಹಾಕಿದರೆ ಬೆಳಗಿನ ನಮಾಜಿಗೇ ಏಳುವುದು. ಅವಳನ್ನು ನಾವು ಮೂವರೂ ಸೇರಿ ಗೇಲಿ ಮಾಡಿದ್ದಕ್ಕೆ ಮಿತಿಯೇ ಇಲ್ಲ. “ಬಂದ್ರು ನೋಡಿ ನಿದ್ದೆ ಮಹಾರಾಣಿ” ಎನ್ನುತ್ತಿದ್ದೆ ನಾನು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ರಾಣಿ ಆಗೋಕೆ ಕಾಸು ಬೇಡ ಅಕ್ಕಾ, ಚಾಪೆ ಸಾಕು” ಎನ್ನುತ್ತಿದ್ದಳು.

ಆ ವರ್ಷ ಕಾಯಿಯೆಲ್ಲ ಒಂದೇ ಸಲ ಬಲಿಯಿತು. ಏಪ್ರಿಲ್ಲಿನ ಸೆಕೆ ಹಾಗಿತ್ತು. ಒಂದು ತಿಂಗಳಲ್ಲಿ ನಿಧಾನವಾಗಿ ಇಳಿಸಬೇಕಾದ ಫಸಲು ಹತ್ತು ದಿನಕ್ಕೆ ಬಂದು ಕೂತಿತು. ಸಾಯಂಕಾಲವಾದರೆ ಮುಳಬಾಗಿಲಿನ ಬಂಡೆಗಳ ಹಿಂದಿನಿಂದ ಕಪ್ಪಗೆ ಮೋಡ ಏಳುತ್ತಿತ್ತು, ಗುಡುಗುತ್ತಿತ್ತು, ಎರಡು ಹನಿ ಉದುರಿಸಿ ಹೋಗುತ್ತಿತ್ತು. ಒಂದು ದಿನ ಆಲಿಕಲ್ಲು ಬಿದ್ದರೆ ಅಲ್ಲಿಗೆ ಮುಗಿಯಿತು, ಉಪ್ಪಿನಕಾಯಿಗೂ ಬಾರದು. ಅದರ ಮೇಲೆ ಕಳ್ಳರ ಕಾಟ. ಗಡಿಯಾಚೆಯಿಂದ ಮೂರು ಚಕ್ರದ ಗಾಡಿ ತಂದು ಇಡೀ ಮರ ಬೋಳಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ರಾತ್ರಿ ಕಾವಲು, ಬೆಳಗ್ಗೆ ಕೀಳುವುದು, ಆಮೇಲೆ ವಿಂಗಡಿಸುವುದು, ಸಣ್ಣದನ್ನು ಶ್ರೀನಿವಾಸಪುರದ ಮಂಡಿಗೆ ಸಾಗಿಸುವುದು, ಒಳ್ಳೆಯದನ್ನು ಕೋಣೆಗೆ ತುಂಬುವುದು, ನೆನ್ನೆಯ ಹಣ್ಣನ್ನು ಡಬ್ಬಿಗೆ ಹಾಕಿ ಬೆಂಗಳೂರಿಗೆ ಕಳಿಸುವುದು. ಅಷ್ಟರಲ್ಲಿ ಮತ್ತೆ ಕತ್ತಲೆ.

ಎರಡನೆಯ ದಿನವೇ ಮುನಿರಾಜು ಕೇಳಿದ. “ಅಕ್ಕಾ, ಒಂದ್ ನಾಲ್ಕ್ ಗಂಟೆ ಮಲಗಿ ಎದ್ ಬರ್ತೀನಿ.”

“ನಾಲ್ಕಾ? ನಿನಗೇನ್ ಬಾಣಂತಿ ಸ್ನಾನ ಮಾಡ್ಸಿದಾರಾ? ಒಂದ್ ಗಂಟೆ ಮಲಗು.”

“ಮೂರಾದ್ರೂ ಕೊಡಕ್ಕ.”

“ಒಂದೂವರೆ.”

“ಎರಡು. ಇನ್ನ ಕಮ್ಮಿ ಆಗಲ್ಲ ಅಕ್ಕಾ.”

“ಹೋಗು, ಎರಡು. ಅದರ ಮೇಲೆ ಒಂದ್ ನಿಮಿಷ ಆದ್ರೂ ನೀರ್ ಹುಯ್ತೀನಿ.”

ನಾನು ಗೆದ್ದೆ ಎಂದುಕೊಂಡೆ. ನಾಲ್ಕಕ್ಕೆ ಕೇಳಿದ್ದನ್ನು ಎರಡಕ್ಕೆ ಇಳಿಸಿದೆನಲ್ಲ! ನನ್ನ ನಿದ್ದೆಯನ್ನಂತೂ ಅದಕ್ಕಿಂತ ಅಗ್ಗಕ್ಕೆ ಮುಗಿಸಿದ್ದೆ. ಕಂಬಳಿ ಹೊದ್ದು ಮರಕ್ಕೆ ಒರಗಿ ಕಣ್ಣು ಮುಚ್ಚಿ ತೆಗೆದದ್ದನ್ನೇ ನಿದ್ದೆ ಎಂದು ಹಿಡಿದುಕೊಳ್ಳುತ್ತಿದ್ದೆ. ಯಾರ ಜೊತೆ ಚೌಕಾಸಿ ಮಾಡುತ್ತಿದ್ದೇನೆ ಎಂಬ ವಿವೇಕ ಬೇಡವೇ? ರೈತನಾದರೆ ಕೋಪಿಸಿಕೊಂಡು ಎದ್ದು ಹೋಗುತ್ತಾನೆ, ನಿಮಗೆ ತಿಳಿಯುತ್ತದೆ. ನಿದ್ದೆ ಎದ್ದು ಹೋಗುವುದಿಲ್ಲ. ಎಷ್ಟು ಇಳಿಸಿದರೂ ಹೂಂ ಎನ್ನುತ್ತದೆ, ಪಕ್ಕದಲ್ಲೇ ಕೂತಿರುತ್ತದೆ.

ನಿದ್ದೆಗೆಟ್ಟವರಿಗೆ ಏನಾಗುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಮೊದಲ ದಿನ ತಲೆ ಭಾರ, ಮೈ ಜೋಮು, ಅದು ಗೊತ್ತಾಗುತ್ತದೆ. ಎರಡನೆಯ ದಿನ ಎಲ್ಲರ ಮೇಲೂ ಸಿಟ್ಟು. ನಾನು ಒಂದು ಬಿಂದಿಗೆಯ ಮೇಲೆ ಸಿಟ್ಟು ಮಾಡಿಕೊಂಡು ಅದನ್ನು ಒದ್ದು ಕಾಲ ಬೆರಳು ಊದಿಸಿಕೊಂಡೆ. ಮೂರನೆಯ ದಿನ ಹಗುರವಾಗುತ್ತದೆ. ಇದೇ ಮೋಸದ ಘಟ್ಟ. ಲೋಕದಲ್ಲಿ ನನ್ನಷ್ಟು ಚುರುಕಾದವಳು ಯಾರೂ ಇಲ್ಲ ಎನಿಸುತ್ತದೆ. ಮಾತು ಜಾಸ್ತಿ, ನಗು ಜಾಸ್ತಿ, ಹಸಿವಿಲ್ಲ. ಆ ಚುರುಕಿನಲ್ಲೇ ನಾನು ಚಹಾಕ್ಕೆ ಉಪ್ಪು ಹಾಕಿ ಪೂರ್ತಿ ಕುಡಿದು, ಸಕ್ಕರೆ ಸರಿಯಾಗಿದೆ ಎಂದು ಶಮೀಮಳಿಗೆ ಹೇಳಿದೆ. ಕ್ರೇಟುಗಳ ಮಧ್ಯೆ ಕಪ್ಪು ನಾಯಿಯೊಂದು ಓಡಾಡುವುದನ್ನು ಕಂಡು ಕಲ್ಲು ಎಸೆದೆ. ಅಲ್ಲಿ ನಾಯಿ ಇರಲಿಲ್ಲ, ಕಲ್ಲು ಹೋಗಿ ಹಣ್ಣಿಗೆ ಬಿತ್ತು.

ಐದನೆಯ ದಿನ ಮಂಡಿಯಲ್ಲಿ ಮಾನ ಹೋಯಿತು. ಬೆಂಗಳೂರಿನವರು ಕೇಳಿದ ರಸಪುರಿ ನಮ್ಮ ತೋಟದಲ್ಲಿಲ್ಲವೆಂದು ಬೇರೆಯವರದನ್ನು ಕೊಳ್ಳಲು ಹೋಗಿದ್ದೆ. ಮಾರುವವನು, ನನಗೆ ಇಪ್ಪತ್ತು ವರ್ಷದಿಂದ ಗೊತ್ತಿರುವ ಮುದುಕ, ಕೆಜಿಗೆ ಹದಿನೆಂಟು ಎಂದ. ನಾನು ಕೈ ಝಾಡಿಸಿ, ತುಟಿ ತಿರುಚಿ, ಇದು ಯಾವ ಲೋಕದ ಬೆಲೆ ಎಂಬ ಮುಖ ಮಾಡಿ, “ಇಪ್ಪತ್ತು! ಅದರ ಮೇಲೆ ಒಂದ್ ಪೈಸೆ ಇಲ್ಲ” ಎಂದೆ.

ಮುದುಕ ಕಣ್ಣು ಪಿಳಿಪಿಳಿ ಬಿಟ್ಟ. “ಏಮಮ್ಮಾ, ಹದಿನೆಂಟು ಅಂದೆ ನಾನು.”

“ಗೊತ್ತು. ಇಪ್ಪತ್ತೆರಡು. ಬೇಕಾದ್ರೆ ಕೊಡು, ಇಲ್ದಿದ್ರೆ ಬಿಡು.”

ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಲೇ, ರತ್ನಕ್ಕನ್ನ ಮನೆಗ್ ಕರ್ಕೊಂಡ್ ಹೋಗ್ರೋ, ಇನ್ನ ಸ್ವಲ್ಪ ಹೊತ್ತು ಬಿಟ್ರೆ ಮಂಡೀನೇ ಕೊಂಡ್ಕೊಂತಾಳೆ!” ಮುದುಕ ಒಳ್ಳೆಯವನು. ಹದಿನೇಳಕ್ಕೆ ಕೊಟ್ಟು, “ಇವತ್ತು ನಿನ್ನತ್ರ ಗೆದ್ರೆ ಪಾಪ ತಟ್ತದೆ. ಹೋಗಿ ಮಲ್ಕೋ ತಾಯಿ” ಎಂದ.

ಮಲಗಿದೆನೇ? ಇಲ್ಲ. ಹದಿನೇಳಕ್ಕೆ ಇಳಿಸಿದೆ ಎಂದು ದಾರಿಯುದ್ದಕ್ಕೂ ಬೀಗಿದೆ. ಈಗ ನೆನೆದರೆ ಆ ಹೆಂಗಸಿನ ಕೆನ್ನೆಗೆ ಎರಡು ಬಾರಿಸಬೇಕು ಎನಿಸುತ್ತದೆ. ಅಷ್ಟು ದೊಡ್ಡ ಗಂಟೆ ಬಾರಿಸಿ ಹೇಳಿದರೂ ಕೇಳಿಸಲಿಲ್ಲವಲ್ಲ!

ಏಳನೆಯ ದಿನ ಬೆಳಗ್ಗೆ ಅನ್ವರಣ್ಣ ಮಂಡಿಗೆ ಹೊರಟರು. ಗೂಡ್ಸ್ ಗಾಡಿ ಹತ್ತುವಾಗ ತಿರುಗಿ ಹೇಳಿದರು: “ಅಕ್ಕಾ, ಕೋಣೆ ತುಂಬಿಸಿ ಇಡಿ. ಬಾಗಿಲು ಮಾತ್ರ ನಾನು ಬಂದು ಹಾಕ್ತೀನಿ. ಹತ್ತು ಗಂಟೆ ಒಳಗೆ ಬಂದ್ಬಿಡ್ತೀನಿ.” ನಾನು ತಲೆಯಾಡಿಸಿದೆ. ಮುನಿರಾಜು ಹಿಂದಿನ ಸಾಲುಗಳನ್ನು ಜೋಡಿಸುತ್ತಿದ್ದ. ನಡುವೆ ಒಮ್ಮೆ ಹೊರಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, “ಅಕ್ಕಾ, ಅರ್ಧ ಗಂಟೆ” ಎಂದ. ಮೊದಲಿನ ಹಾಗೆ ಕೇಳಲಿಲ್ಲ, ಬೇಡಿದ.

“ಹೊಗೆ ಹಾಕಿದ್ಮೇಲೆ,” ಎಂದೆ.

“ಕಾಲು ಗಂಟೆ ಅಕ್ಕಾ. ನಿಂತಿರೋಕ್ ಆಗ್ತಿಲ್ಲ.”

“ನಾನೂ ನಿಂತೇ ಇದ್ದೀನಲ್ಲೋ! ನಾನು ಹೆಂಗಸು, ನಿನಗಿಂತ ಹನ್ನೆರಡು ವರ್ಷ ದೊಡ್ಡೋಳು. ಮುಚ್ಕೊಂಡ್ ಕೆಲಸ ನೋಡು.”

ಅವನು ಒಳಗೆ ಹೋದ. ಆಮೇಲೆ ನಾನು ಮಡಕೆಗಳಿಗೆ ಕೆಂಡ ತುಂಬಿಸುವುದರಲ್ಲಿ ಮುಳುಗಿದೆ. ಹತ್ತೂವರೆಯ ಬಿಸಿಲು. ಅನ್ವರಣ್ಣ ಬರಲಿಲ್ಲ. ಕೆಂಡ ಬೂದಿಯಾಗುತ್ತದೆ, ಮತ್ತೆ ಮಾಡಬೇಕು, ಮತ್ತೆ ಒಂದು ಗಂಟೆ ತಡ, ತಡವಾದರೆ ನಾಳೆಯ ಗಾಡಿ ತಪ್ಪುತ್ತದೆ. ತಲೆ ಆ ಸಣ್ಣ ಲೆಕ್ಕವನ್ನು ಎಷ್ಟು ಚೆನ್ನಾಗಿ ಮಾಡಿತು ನೋಡಿ! ಮಡಕೆಗಳನ್ನು ಒಳಗಿಟ್ಟೆ. ಹೊಸಿಲ ಮೇಲೆ ನಿಂತೆ. ಚಪ್ಪಲಿ ನೋಡಿದೆ, ನನ್ನದು ಬಿಟ್ಟರೆ ಬೇರೆ ಇರಲಿಲ್ಲ. ನೇಮದ ಪ್ರಕಾರ ಮೂರು ಸಲ ಕೂಗಿದೆ. “ಒಳಗೆ ಯಾರು? ಒಳಗೆ ಯಾರು? ಒಳಗೆ ಯಾರು?” ಒಳಗಿನ ಕತ್ತಲೆಯಿಂದ ಉತ್ತರ ಬಂತು: “ಯಾರೂ ಇಲ್ಲಕ್ಕಾ.”

ಸರಿ ಎಂದುಕೊಂಡು ಬಾಗಿಲು ಹಾಕಿದೆ. ಮಣ್ಣು ಮೆತ್ತಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಒಂದು ಎಳೆ ಹೊಗೆ ಹೊರಗೆ ಬರದ ಹಾಗೆ ಮೆತ್ತಿದ್ದೆ.

ಬೇವಿನ ಮರದ ಕೆಳಗೆ ಶಮೀಮ್ ಚಿತ್ರಾನ್ನದ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ನಾನು ಒಂದು ತಟ್ಟೆ ತಿಂದೆ. ಎರಡನೆಯ ಸಲ ಬಡಿಸುವಾಗ ಅವಳು ಕೇಳಿದಳು. “ಮುನಿರಾಜಣ್ಣ ಎಲ್ಲಿ? ಅನ್ನ ಆರ್ತಾ ಇದೆ.”

“ತೋಟದಲ್ಲಿ ಎಲ್ಲೋ ಬಿದ್ಕೊಂಡಿರ್ತಾನೆ ಕಳ್ಳ.”

“ತೋಟದಿಂದಾನೇ ಬಂದೆ ನಾನು. ಅಲ್ಲಿಲ್ಲ. ಬಾಗ್ಲು ಹಾಕೋವಾಗ ಕೂಗಿದ್ರಾ?”

“ಕೂಗ್ದೆ, ಮೂರ್ ಸಲ. ಯಾರೂ ಇಲ್ಲಕ್ಕಾ ಅಂತ ಹೇಳ್ತಲ್ಲ.”

ಶಮೀಮಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. “ಹೇಳ್ತಲ್ಲ ಅಂದ್ರೆ? ಯಾರು ಹೇಳಿದ್ದು?”

“ಒಳಗಿಂದ ಹೇಳಿದ್ರು.”

“ಒಳಗೆ ಯಾರೂ ಇಲ್ದಿದ್ರೆ ಹೇಳೋರ್ ಯಾರು ಅಕ್ಕಾ?”

ಓದುತ್ತಿರುವ ನಿಮಗೆ ಆಗಲೇ ಮೈ ಜುಮ್ಮೆಂದಿರಬೇಕು. ನನಗೆ ಏನಾಯಿತು ಗೊತ್ತೇ? ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ಇವಳದೇನು ವಿತಂಡವಾದ ಎಂದು ಸಿಟ್ಟು. “ಕೂಗು ಅಂದ್ರಿ ಕೂಗ್ದೆ, ಉತ್ತರ ಬಂತು. ಇನ್ನೇನ್ ಬೇಕು ನಿನಗೆ?” ಎಂದು ರೇಗಿದೆ. ಅವಳು ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದೆ. “ಈಗ ಬಾಗ್ಲು ತೆಗೆದ್ರೆ ಇಡೀ ಕೋಣೆ ಹಾಳಾಗ್ತದೆ ಕಣೇ. ಸಾಯಂಕಾಲ ಬೇಕಾದ್ರೆ ಒಂದ್ಚೂರು ತೆಗೆದು ನೋಡೋಣ. ಇಲ್ಲ, ಅನ್ವರಣ್ಣ ಬರ್ಲಿ. ಒಂದ್ ಕಾಲು ಗಂಟೆ ನೋಡೋಣ.” ಒಬ್ಬ ಮನುಷ್ಯನ ಉಸಿರನ್ನು ಮುಂದಿಟ್ಟುಕೊಂಡು ನಾನು ಸಾಯಂಕಾಲಕ್ಕೆ, ಅನ್ವರಣ್ಣ ಬರುವ ಹೊತ್ತಿಗೆ, ಕಾಲು ಗಂಟೆಗೆ ಎಂದು ಇಳಿಸುತ್ತಿದ್ದೆ.

ಶಮೀಮ್ ಸೆರಗು ಕಿತ್ತುಕೊಂಡು ಓಡಿದಳು. ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಹಸಿ ಮಣ್ಣಿಗೆ, ಬಾಗಿಲಿಗೆ, ಸಿಕ್ಕಿದ ಕಡೆ ಹೊಡೆದಳು. ಬಾಗಿಲು ತೆರೆದಾಗ ಹೊಗೆ ಎಮ್ಮೆಯ ಹಾಗೆ ನುಗ್ಗಿ ಹೊರಗೆ ಬಂತು. ಮಡಕೆಗಳನ್ನು ಗುದ್ದಲಿಯಿಂದಲೇ ಹೊರಗೆ ತಳ್ಳಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನುಗ್ಗಿದಳು, ಅವಳ ಹಿಂದೆ ನಾನೂ ಹೋದೆ.

ಕೊನೆಯ ಸಾಲಿನ ಹಿಂದೆ, ಕ್ರೇಟಿಗೆ ಹಾಸಲು ತಂದಿದ್ದ ಹುಲ್ಲಿನ ಮೇಲೆ ಮುನಿರಾಜು ಮಲಗಿದ್ದ. ಎರಡು ಚಪ್ಪಲಿಯನ್ನೂ ಒಂದರ ಮೇಲೊಂದಿಟ್ಟು ಟವೆಲ್ಲು ಸುತ್ತಿ ತಲೆದಿಂಬು ಮಾಡಿಕೊಂಡಿದ್ದ. ಮುಖ ಕೆಂಪಗೆ, ನೋಡಿದರೆ ಸುಖವಾಗಿ ಮಲಗಿದವನ ಹಾಗೆ. ಅಲುಗಾಡಿಸಿದರೆ ಕತ್ತು ಒಂದು ಕಡೆಗೆ ಬಿತ್ತು. ಇಬ್ಬರೂ ಎರಡು ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದು ಮರದ ಕೆಳಗೆ ಹಾಕಿದೆವು. ಉಸಿರಿತ್ತು. ಎಳೆದೂ ಎಳೆಯದ ಉಸಿರು.

ಗಾಡಿ ಇರಲಿಲ್ಲ, ಅನ್ವರಣ್ಣ ತೆಗೆದುಕೊಂಡು ಹೋಗಿದ್ದರು. ಶಮೀಮ್ ರಸ್ತೆಗೆ ಓಡಿ ಹಾಲಿನ ವ್ಯಾನೊಂದಕ್ಕೆ ಅಡ್ಡ ನಿಂತಳು. ಡ್ರೈವರು ಕೂಗಾಡುತ್ತಾ ಬ್ರೇಕು ಹಾಕಿದ. ಅವಳು ಕೇಳಿದ ಮೊದಲ ಮಾತು: “ರಾತ್ರಿ ಮಲಗಿದ್ದೀರಾ ಅಣ್ಣಾ?”

ಅವನು ಕಕ್ಕಾಬಿಕ್ಕಿಯಾದ. “ಹ್ಞೂಂ... ಮಲಗಿದ್ದೆ. ಯಾಕಮ್ಮಾ?”

“ಹಂಗಾದ್ರೆ ನೀವೇ ಓಡಿಸಿ. ಬೇಗ!”

ಮುಳಬಾಗಿಲಿನಲ್ಲಿ ಮೂಗಿಗೆ ಆಮ್ಲಜನಕ ಹಾಕಿ, ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಚುರುಕು. ಹೊಗೆಯಲ್ಲಿರುವ ವಿಷಗಾಳಿ ಎಚ್ಚರವಾಗಿದ್ದವನಿಗೆ ತಲೆನೋವು ಕೊಟ್ಟು ಎಚ್ಚರಿಸುತ್ತದೆ, ನಿದ್ದೆಯಲ್ಲಿದ್ದವನನ್ನು ಎಬ್ಬಿಸುವುದಿಲ್ಲ, ಇನ್ನೂ ಆಳಕ್ಕೆ ಇಳಿಸುತ್ತದೆ ಎಂದರು. “ಎಷ್ಟು ಹೊತ್ತು ಒಳಗಿದ್ರು?” ಎಂದು ಕೇಳಿದರು. ನಾನು “ಹತ್ತು ನಿಮಿಷ” ಎಂದೆ. ಆಮೇಲೆ “ಒಂದು ಗಂಟೆ” ಎಂದೆ. ಆಮೇಲೆ ಅಳು ಬಂತು.

ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. “ನೀವು ಮಲಗಿ ಎಷ್ಟು ದಿನ ಆಯ್ತು?”

“ಮೊನ್ನೆ... ಇಲ್ಲ, ಗುರುವಾರ.”

“ಇವತ್ತು ಯಾವ ವಾರ?”

ಗೊತ್ತಾಗಲಿಲ್ಲ. ಇಡೀ ಜೀವನ ಲೆಕ್ಕದ ಮೇಲೆ ಬದುಕಿದವಳಿಗೆ ಇವತ್ತು ಯಾವ ವಾರ ಎಂದು ಗೊತ್ತಾಗಲಿಲ್ಲ. “ಇವರು ಹೇಳೋದು ಯಾವುದನ್ನೂ ಬರ್ಕೋಬೇಡಿ,” ಎಂದು ಅವರು ನರ್ಸಿಗೆ ಹೇಳಿ, ಶಮೀಮಳ ಕಡೆ ತಿರುಗಿ ಕೇಳಿದರು. ಅವಳು ಹೇಳಿದಳು. ಬಾಗಿಲು ಹಾಕಿದ ಸದ್ದು ಕೇಳಿದಾಗ ಅವಳು ಒಗ್ಗರಣೆ ಹಾಕುತ್ತಿದ್ದಳಂತೆ. ಅಲ್ಲಿಂದ ಸುಮಾರು ಮುಕ್ಕಾಲು ಗಂಟೆ.

ಆಮೇಲಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅವನು ಉಳಿಯುತ್ತಾನೋ ಇಲ್ಲವೋ ಎಂದು ಅವನ ಹೆಂಡತಿ ಸುಜಾತ ಆಸ್ಪತ್ರೆಯ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ ನಾನು ಹಾಗೇ ವಾಲಿಕೊಂಡು ಮಲಗಿಬಿಟ್ಟೆ. ಅನ್ವರಣ್ಣ ಬಂದದ್ದು, ಗೋಡೆಗೆ ಹಣೆ ಚಚ್ಚಿಕೊಂಡದ್ದು, ಮುನಿರಾಜುವಿನ ಮಕ್ಕಳು ಬಂದದ್ದು, ಯಾವುದೂ ಗೊತ್ತಿಲ್ಲ. ಇಷ್ಟು ದಿನ ಒಂದೊಂದೇ ಗಂಟೆ ಇಳಿಸಿಕೊಂಡು ಬಂದಿದ್ದೆನಲ್ಲ, ಅದೆಲ್ಲ ಒಟ್ಟಿಗೆ ಬಂದು, ನನ್ನನ್ನು ಕೇಳದೆ, ಹೊತ್ತುಕೊಂಡು ಹೋಯಿತು. ಎದ್ದಾಗ ಮರುದಿನ ಮಧ್ಯಾಹ್ನ. ತಲೆಯ ಕೆಳಗೆ ಯಾರದೋ ಸೀರೆಯ ಗಂಟಿತ್ತು. ಸುಜಾತಳದು.

ಮುನಿರಾಜು ಕಣ್ಣು ಬಿಟ್ಟಿದ್ದ. ಮಾತು ತೊದಲುತ್ತಿತ್ತು. ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು. ಉಳಿದುಕೊಂಡರು, ಆದರೆ ಕೈ ನಡುಕ, ಮರೆವು ಕೆಲವು ದಿನ ಇರಬಹುದು, ತುಂಬ ದಿನ ಇದ್ದರೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ಶಮೀಮ್ ಮಂಚದ ಆ ಕಡೆ ಕೂತಿದ್ದಳು. ನಾನು ಈ ಕಡೆ ನಿಂತೆ. ತಪ್ಪಾಯಿತು ಎನ್ನುವುದನ್ನು ಬಿಟ್ಟು, “ನಾನು ಕೂಗ್ದೆ ಕಣೋ” ಎಂದೆ. “ಮೂರ್ ಸಲ ಕೂಗ್ದೆ. ಯಾರೋ ಉತ್ತರ ಹೇಳಿದ್ರು. ನನ್ನ ತಲೇಲೇ ಕೇಳಿಸ್ತೋ ಏನೋ.”

“ಇಲ್ಲಕ್ಕ,” ಎಂದ ಮುನಿರಾಜು. “ನಾನೇ ಹೇಳಿದ್ದು.”

ಶಮೀಮ್ ಬಗ್ಗಿದಳು. “ನೀವಾ? ಯಾರೂ ಇಲ್ಲ ಅಂತ?”

“ಹ್ಞೂಂ. ಅಕ್ಕನ ಗಂಟಲು ಕೇಳಿಸ್ತು. ಎಲ್ಲಿದ್ದೀನಿ, ಏನು ಅಂತ ಗೊತ್ತಿಲ್ಲ. ಎದ್ ಬಾ ಅಂತಾಳೆ ಅನ್ನೋದ್ ಮಾತ್ರ ಗೊತ್ತು.” ಅವನು ಉಸಿರು ಎಳೆದುಕೊಂಡ. “ಯಾರೂ ಇಲ್ಲ ಅಂದ್ರೆ ಹೋಗ್ತಾಳೆ ಅಂತ ಅಂದ್ಬಿಟ್ಟೆ.”

ಅದನ್ನು ಕೇಳಿ ಶಮೀಮ್ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ನಾನು ನೋಡಲಿಲ್ಲ. ಒಳಗಿದ್ದವನು ಯಾರೂ ಇಲ್ಲ ಎಂದ, ಹೊರಗಿದ್ದವಳು ಸರಿ ಎಂದಳು. ಇಬ್ಬರು ದೊಡ್ಡವರು, ಮದುವೆ ಮಕ್ಕಳಾದವರು. ನಾಲ್ಕನೆಯ ಕ್ಲಾಸಿನ ಮಕ್ಕಳು ಕೂಡ ಈ ಒಪ್ಪಂದವನ್ನು ಒಪ್ಪುವುದಿಲ್ಲ. ನಮ್ಮಿಬ್ಬರಿಗೂ ಅದು ಒಪ್ಪಿಗೆಯಾಗಿತ್ತು. ಅವನಿಗೆ ಸಾವಿಗಿಂತ ನನ್ನ ಗಂಟಲಿನ ಭಯ ಹೆಚ್ಚಾಗಿತ್ತು ಎಂಬುದನ್ನು ನಾನು ಅಲ್ಲಿ ನಿಂತು ನುಂಗಿಕೊಳ್ಳಬೇಕಾಯಿತು.

“ಈ ಸಲ ಇನ್ನ ಬರೋಕಾಗಲ್ಲಕ್ಕ. ಬರೋ ವರ್ಷ ಬೇಕಾದ್ರೆ ಬರ್ತೀನಿ,” ಎಂದ ಮುನಿರಾಜು. ಮಾತಾಡುವುದೇ ಅವನಿಗೆ ಆಯಾಸವಾಗುತ್ತಿತ್ತು. “ಆದ್ರೆ ಒಂದ್ ಮಾತು. ದಿನಕ್ಕೆ ಆರ್ ಗಂಟೆ ಮಲಗಬೇಕು ನಾನು.”

“ಐದು,” ಎಂದಿತು ನನ್ನ ಬಾಯಿ.

ನಾನು ಹೇಳಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮನಸ್ಸಿನಲ್ಲಿ ಎಂಟು, ಹತ್ತು, ನಿನಗೆಷ್ಟು ಬೇಕೋ ಅಷ್ಟು ಎಂದೇ ಇತ್ತು. ಬಾಯಿ ಮಾತ್ರ ಮೂವತ್ತು ವರ್ಷದ ಚಾಳಿಯಲ್ಲಿ ತಾನೇ ತೆರೆದುಕೊಂಡು ಐದು ಎಂದಿತು. ಶಮೀಮ್ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನನಗೆ ಯಾರೂ ಯಾವ ಮಂಡಿಯಲ್ಲೂ ಕೊಟ್ಟಿರಲಿಲ್ಲ. ಮುನಿರಾಜು ನಿಧಾನವಾಗಿ ಗೋಡೆಯ ಕಡೆ ಮಗ್ಗುಲು ತಿರುಗಿದ.

“ಏಳು,” ಎಂದೆ ಅವನ ಬೆನ್ನಿಗೆ. “ಮುನಿರಾಜು, ಎಂಟು. ಲೇ, ಎಂಟು ಕಣೋ.”

ಅವನ ಉಸಿರು ಆಗಲೇ ಉದ್ದವಾಗಿತ್ತು. ಎಂಟು ಎಂದದ್ದು ಅವನಿಗೆ ಕೇಳಿಸಲೇಬೇಕೆಂದು ಭುಜ ಅಲುಗಾಡಿಸಲು ಕೈ ಚಾಚಿದೆ. ಶಮೀಮ್ ಮಂಚದ ಮೇಲಿಂದಲೇ ಬಾಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ.